ದನ ಹತ್ತುವ ಸೇತುವೆ

ಹೆದ್ದಾರಿಯ ಮೇಲೆ ಜನ ನಡೆದು ದಾಟುವ ಸೇತುವೆ ಬೇಕೇ ಬೇಡವೇ ಎಂದು ಪಂಚಾಯಿತಿಯವರು ಸಭೆ ಕರೆದಾಗ, ಬೇಕು ಎಂದು ಮೊದಲು ಕೈ ಎತ್ತಿದವನು ನಾನು. ಬೇಡ ಎಂದು ಮೊದಲು ಎದ್ದು ನಿಂತವಳು ನನ್ನ ದೊಡ್ಡಮ್ಮ. ಇಬ್ಬರೂ ಒಂದೇ ಮನೆಯವರು. ಸಭೆಗೆ ಒಂದೇ ಕೊಡೆಯಡಿ ನಡೆದು ಬಂದಿದ್ದೆವು.

ಕೋಟ ದಾಟಿ ಕುಂದಾಪುರದ ಕಡೆ ಹೋಗುವಾಗ ಸಿಗುವ ನಮ್ಮೂರು ಈಗ ಊರೂ ಅಲ್ಲ, ಪೇಟೆಯೂ ಅಲ್ಲ. ರಸ್ತೆ ಅಗಲವಾದ ಮೇಲೆ ಪಡುಬದಿಯಲ್ಲಿ ಫ್ಲ್ಯಾಟುಗಳು, ಕಾಲೇಜು, ದೊಡ್ಡದೊಂದು ಸಭಾಭವನ ಎದ್ದವು. ನಮ್ಮ ಮನೆಯೂ ಆ ಬದಿಯಲ್ಲೇ. ನಮ್ಮ ಗದ್ದೆ, ಹಾಲಿನ ಡೈರಿ ಮಾತ್ರ ರಸ್ತೆಯಾಚೆ ಮೂಡುಬದಿಯಲ್ಲಿ ಉಳಿದವು. ದೊಡ್ಡಮ್ಮ ದಿನವೂ ತನ್ನ ಒಂದೇ ಒಂದು ದನವನ್ನು ಡಿವೈಡರಿನ ಸಂದಿಯಲ್ಲಿ ದಾಟಿಸಿ ಗದ್ದೆಗೆ ಕರೆದೊಯ್ಯುತ್ತಿದ್ದಳು. ಊಟದ ಪಂಕ್ತಿಯಲ್ಲಿ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯುವಂತೆ ಲಾರಿಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ನೋಡುವ ನನಗೆ ಜೀವ ಬಾಯಿಗೆ ಬರುತ್ತಿತ್ತು.

ಸೇತುವೆ ಕೊಟ್ಟರೆ ಸಂದಿ ಮುಚ್ಚುತ್ತೇವೆ ಎಂದು ರಸ್ತೆಯ ಎಂಜಿನಿಯರು ಸಭೆಯಲ್ಲಿ ಹೇಳಿದರು. ಮೆಟ್ಟಿಲಿನ ಬದಲು ಇಳಿಜಾರು ಮಾಡಬಹುದಲ್ಲ ಎಂದರೆ, ಅದಕ್ಕೆ ಜಾಗವಿಲ್ಲ ಎಂದರು.

"ಜನ ಹತ್ತಿ ಇಳಿತ್ರ್. ನನ್ ದನ ಎಲ್ಲಿ ದಾಟೂದ್?" ಎಂದಳು ದೊಡ್ಡಮ್ಮ.

ಸಂದಿ ಮುಚ್ಚಿದರೆ ದನವನ್ನು ಮಾರುವುದೊಂದೇ ದಾರಿ ಎಂಬುದು ಅವಳ ಲೆಕ್ಕ. ಆಗ ಸಭಾಭವನದ ಯಜಮಾನರು ಎದ್ದರು. ಸೇತುವೆ ತಮ್ಮ ಗೇಟಿನೆದುರೇ ಇಳಿಯಬೇಕೆಂಬ ಆಸೆ ಅವರದು. "ಹ್ವಾಯ್, ದನ ಮೆಟ್ಲ್ ಹತ್ತುದಿಲ್ಲೆ ಅಂದ್ ನಿಮ್ಗ್ ಯಾರ್ ಹೇಳಿದ್?" ಎಂದು ಕೇಳಿದರು.

ಹಾಗಾದರೆ ಹತ್ತಿಸಿಯೇ ನೋಡೋಣ ಎಂದು ಯಾರೋ ಹೇಳಿದರು. ಅದು ನಮ್ಮೂರ ಹೋಟೆಲಿನವನು ಎಂದೇ ನನ್ನ ನೆನಪು. ಊರವರೆಲ್ಲ ಅದು ನಾನೇ ಎನ್ನುತ್ತಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಬಂದವನು ನಾನು. ಒಬ್ಬನ ನೆನಪನ್ನೇ ಸಾಕ್ಷಿ ಎಂದು ನಂಬಬಾರದು ಎಂದು ಕಲಿತದ್ದು ಅಲ್ಲೇ. ಆ ಒಬ್ಬ ನಾನೇ ಆಗುತ್ತೇನೆಂದು ಮಾತ್ರ ಅಂದುಕೊಂಡಿರಲಿಲ್ಲ.

ಭಾನುವಾರ ಸಭಾಭವನದಲ್ಲಿ ಒಂದು ಮದುವೆಯ ಊಟ ಮುಗಿದ ಮೇಲೆ ಪರೀಕ್ಷೆ ನಡೆಯಿತು. ಊಟದ ಹಾಲ್ ಇರುವುದು ಮಾಳಿಗೆಯಲ್ಲಿ, ಮೆಟ್ಟಿಲು ಅಗಲ. ದನ ಕೆಳಗೆ ನಿಂತು ಒಮ್ಮೆ ಮೂಗರಳಿಸಿತು. ಮೇಲೆ ಉಂಡೆದ್ದ ಬಾಳೆಲೆಗಳು ಇನ್ನೂ ತೆಗೆಯದೆ ಬಿದ್ದಿದ್ದವು. ಹಗ್ಗ ಎಳೆಯುವುದೇ ಬೇಡವಾಯಿತು. ಕರೆಯೋಲೆ ಬಂದವರಂತೆ ದನ ಸರಸರ ಹತ್ತಿ, ಎರಡು ಪಂಕ್ತಿಯ ಎಲೆಗಳನ್ನು ಪಾಯಸದ ಸಮೇತ ಮುಗಿಸಿತು. ಯಜಮಾನರು ಎಂಜಿನಿಯರಿಗೆ ಕೂಡಲೇ ಫೋನು ಮಾಡಿ ದನ ಹತ್ತಿದ ಸುದ್ದಿ ಮುಟ್ಟಿಸಿದರು.

ಫೋನಿಟ್ಟ ಮೇಲೆ ಗೊತ್ತಾಯಿತು, ದನ ಇಳಿಯುವುದಿಲ್ಲ. ಮೆಟ್ಟಿಲ ತುದಿಗೆ ಬಂದು ಕೆಳಗೆ ನೋಡುತ್ತದೆ, ತಿರುಗಿ ಕೈತೊಳೆಯುವ ನಲ್ಲಿಗಳ ಹತ್ತಿರ ಹೋಗಿ ನಿಲ್ಲುತ್ತದೆ. ನಾವು ಮುಂದಿನಿಂದ ಎಳೆದೆವು, ಹಿಂದಿನಿಂದ ನೂಕಿದೆವು. ಬೈಹುಲ್ಲು ತೋರಿಸಿದರೆ, ಪಾಯಸ ಉಂಡದ್ದು ಅದರ ಕಡೆ ಮೂಸಿಯೂ ನೋಡಲಿಲ್ಲ. ಕರೆಯುವ ಹೊತ್ತಾಯಿತೆಂದು ದೊಡ್ಡಮ್ಮ ಮಾಳಿಗೆಯಲ್ಲೇ ಕುಳಿತು, ಅಡುಗೆಯವರ ಸಾರಿನ ಬಕೆಟ್ಟಿಗೆ ಹಾಲು ಕರೆದು, ಸಂದಿಯಲ್ಲಿ ರಸ್ತೆ ದಾಟಿ ಡೈರಿಗೆ ಕೊಟ್ಟು ಬಂದಳು.

ಅಷ್ಟರಲ್ಲಿ ಸಂಜೆಯ ಆರತಕ್ಷತೆಯವರು ಬಂದುಬಿಟ್ಟರು. ಅವರು ಬ್ರಹ್ಮಾವರದ ಕಡೆಯವರು. ವಧುವಿನ ಅಜ್ಜಿ ಮಾಳಿಗೆಗೆ ಬಂದು, ದನವನ್ನು ಕಂಡು ಕೈ ಮುಗಿದರು. ಗೋಪೂಜೆಯ ಏರ್ಪಾಡನ್ನು ಸಭಾಭವನದವರೇ ಮಾಡಿಸಿದ್ದಾರೆಂದು ಅವರು ತಿಳಿದರು. ಯಜಮಾನರು ಇಲ್ಲ ಎನ್ನಲಿಲ್ಲ. ಮೊದಲು ಅರಿಶಿನ ಕುಂಕುಮ ಬಂತು, ಆಮೇಲೆ ಆರತಿ. ಫೋಟೊದವನು ವಧುವರರನ್ನು ದನದ ಎಡಬಲದಲ್ಲಿ ನಿಲ್ಲಿಸಿದ. ಹಗ್ಗ ಹಿಡಿದು ಪಕ್ಕದಲ್ಲಿ ನಿಂತಿದ್ದವನು ನಾನು ಎಂದು ನನಗೆ ಖಂಡಿತ ನೆನಪಿದೆ. ಫೋಟೊದಲ್ಲಿ ಹಗ್ಗ ಹಿಡಿದಿರುವುದು ದೊಡ್ಡಮ್ಮ. ನಾನು ಹಿಂದೆ ಎಲ್ಲೋ ಐಸ್‌ಕ್ರೀಮ್ ತಿನ್ನುತ್ತಿದ್ದೇನೆ.

ಪೂಜೆ ಮುಗಿದ ಮೇಲೆ ಹುಡುಗನ ಕಡೆಯ ಗಂಡಸರೂ ಸೇರಿ ಮೆಟ್ಟಿಲಿನ ಮೇಲೆ ಊಟದ ಮೇಜಿನ ಹಲಗೆಗಳನ್ನು ಹಾಸಿ, ಅದರ ಮೇಲೆ ಗೋಣಿ ಹಾಸಿ, ದನದ ಕಣ್ಣಿಗೆ ಯಾರದೋ ಶಾಲು ಕಟ್ಟಿ, ಹಿಮ್ಮುಖವಾಗಿ ಇಳಿಸಿದರು. ಅದು ಕೆಳಗೆ ಮುಟ್ಟಿದಾಗ ವಾಲಗದವರು ತಾವಾಗಿಯೇ ಊದಿದರು.

ಮುಂದಿನ ಸಭೆಯಲ್ಲಿ ಎಂಜಿನಿಯರು, ದನ ಹತ್ತುತ್ತದಂತೆ, ಹಾಗಾದರೆ ತಕರಾರಿಲ್ಲವಲ್ಲ ಎಂದು ಕೇಳಿದರು. ಇಳಿಯದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ನನಗೋ ಪೇಚು. ಸೇತುವೆ ಬೇಕು ಎಂದು ಕೈ ಎತ್ತಿದ್ದೇ ದೊಡ್ಡಮ್ಮ ಲಾರಿಯಡಿ ಬೀಳಬಾರದೆಂದು. ಆದರೆ ದನ ಮಾರಿ ಬಂದ ದಿನ ಅವಳು ಹೇಗಿರುತ್ತಾಳೆಂದು ಯೋಚಿಸಿದರೆ ಎತ್ತಿದ ಕೈ ಇಳಿಸೋಣ ಅನಿಸುತ್ತಿತ್ತು. ಕೊನೆಗೆ, ಸಂದಿಯೇ ಇರಲಿ ಎಂದು ಹೇಳಲು ಎದ್ದೆ. ದೊಡ್ಡಮ್ಮ ನನ್ನ ಅಂಗಿ ಹಿಡಿದು ಕೂರಿಸಿದಳು.

"ಸೇತುವೆ ಕಟ್ಲಿ. ನಾನ್ ದನದ ಹಟ್ಟಿ ಗದ್ದೆ ಬದಿಗ್ ಹಾಕ್ತೆ," ಎಂದಳು. "ದನ ಇಳಿತ್ತಿಲ್ಲೆ. ನಾನ್ ಇಳಿತೆ."

ಮಂಡಿನೋವಿನಲ್ಲಿ ಅಷ್ಟು ಮೆಟ್ಟಿಲು ಹತ್ತುತ್ತೀಯಾ ಎಂದು ದಾರಿಯಲ್ಲಿ ಕೇಳಿದೆ. ಮಾಳಿಗೆಯ ಊಟ ಇದ್ದರೆ ಎಲ್ಲರೂ ಹತ್ತುವುದಿಲ್ಲವೇ ಎಂದಳು. ಸೇತುವೆಯಾಚೆ ಊಟ ಹಾಕುವವರು ಯಾರು ಎಂದೆ. "ದನ ಇಲ್ಯಾ ಮಾರಾಯ," ಎಂದಳು.

ಮಾತು ಕೊಟ್ಟಂತೆ ಮಳೆಗಾಲ ಹಿಡಿಯುವ ಮೊದಲೇ ಗದ್ದೆಯ ಅಂಚಿನಲ್ಲಿ ಹಟ್ಟಿ ಎದ್ದಿತು. ದನ ಅಲ್ಲೇ ಮೇದು ಅಲ್ಲೇ ಮಲಗುತ್ತದೆ. ಅದಕ್ಕೀಗ ಹೆದ್ದಾರಿಯ ಗೊಡವೆಯೇ ಇಲ್ಲ. ಸೇತುವೆಗೆ ಜಾಗ ಅಳೆಯಲು ಮಾತ್ರ ಇನ್ನೂ ಯಾರೂ ಬಂದಿಲ್ಲ. ಮೊದಲು ದನದ ಜೊತೆ ಒಮ್ಮೆ ಹೋಗಿ ಒಮ್ಮೆ ಬರುತ್ತಿದ್ದ ದೊಡ್ಡಮ್ಮ ಈಗ ಹಾಲು ಕರೆಯಲು, ಹುಲ್ಲು ಹಾಕಲು, ಸಗಣಿ ಬಾಚಲು, ಸುಮ್ಮನೆ ನೋಡಿ ಬರಲು ಎಂದು ಹೊತ್ತುಹೊತ್ತಿಗೂ ಅದೇ ಸಂದಿಯಲ್ಲಿ ದಾಟುತ್ತಾಳೆ. ದನ ಜೊತೆಗಿದ್ದರೆ ಲಾರಿಯವರು ಬ್ರೇಕು ಹಾಕುತ್ತಿದ್ದರು. ಈಗ ಅದರ ಬದಲಿಗೆ ಪಕ್ಕದಲ್ಲಿ ನಾನು ನಡೆಯುತ್ತೇನೆ. ನನ್ನನ್ನು ನೋಡಿ ಯಾರೂ ನಿಲ್ಲಿಸುವುದಿಲ್ಲ.