ಚಂದ್ರಮತಿಯ ಅಳತೆಯ ಚಪ್ಪಲಿ

ಐಗಳಿಯ ಚಂದ್ರಮತಿಗೆ ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದಿತ್ತು. ಬಲಗಾಲ ಬೆರಳ ಹತ್ತಿರದ ಹುಣ್ಣು ಮಾಯುತ್ತ ಬಂದರೂ ಡಾಕ್ಟರು, "ಅಳತಿಗೆ ಸರಿ ಕೂಡೂ ಚಪ್ಪಲಿ ಬರೂತನಕ ಮನಿ ಬಿಟ್ಟು ನಡೀಬ್ಯಾಡ್ರಿ" ಎಂದಿದ್ದರು. ಎಮ್ಮೆ ಹಿಂಡಿ, ಹಾಲನ್ನು ತಾನೇ ಡೇರಿಗೆ ಒಯ್ದು, ಅಲ್ಲಿ ನಾಲ್ಕು ಮಂದಿಯ ಕೂಡ ಮಾತಾಡಿ ಬರದಿದ್ದರೆ ಅವಳಿಗೆ ಬೆಳಗೇ ಆಗುತ್ತಿರಲಿಲ್ಲ. ಈಗ ಹಾಲು ನೆರೆಮನೆಯ ಮಲಕಾರಿಯ ಸೈಕಲ್ಲಿನಲ್ಲಿ ಹೋಗುತ್ತಿತ್ತು. ಅವನೋ ಬಾಯಿಬಿಡದ ಮನುಷ್ಯ, ಒಂದು ಸುದ್ದಿಯನ್ನೂ ತರುತ್ತಿರಲಿಲ್ಲ.

ಚಪ್ಪಲಿ ಮಾಡಿಸುವವಳು ಅಥಣಿಯ ದವಾಖಾನೆಯೊಂದರ ದೀಪಾಲಿ. ಅವಳ ಕಂಪ್ಯೂಟರು ಸುತ್ತಲಿನ ಹೆಣ್ಣುಮಕ್ಕಳ ನೂರಾರು ಪಾದಗಳನ್ನು ನೋಡಿ, ಒಂದು ಸರಾಸರಿ ಪಾದವನ್ನೂ, ಅದು ಒಬ್ಬೊಬ್ಬರಲ್ಲಿ ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂಬುದನ್ನೂ ಕಲಿತಿತ್ತು. ಚಂದ್ರಮತಿಯ ಬೆರಳುಗಳು ಬ್ಯಾಂಡೇಜಿನೊಳಗಿದ್ದವು. ದೀಪಾಲಿ ಕಾಣುವಷ್ಟರ ಫೋಟೋ ಹಿಡಿದು, ಕಾಣದ್ದನ್ನು ಊಹಿಸಲು ಕಂಪ್ಯೂಟರಿಗೆ ಬಿಟ್ಟಳು.

ಬ್ಯಾಂಡೇಜು ಬಿಚ್ಚಿದ ಮೇಲೆ ಚಪ್ಪಲಿ ಬಂತು. ಹಿಮ್ಮಡ ಹೇಳಿ ಮಾಡಿಸಿದಂತೆ ಕೂತಿತು. ಆದರೆ ಎರಡನೆಯ ಬೆರಳ ಬಳಿ ಸಡಿಲಾಗಿ, ಉಜ್ಜಿ ಕೆಂಪಾಯಿತು.

ದೀಪಾಲಿ ಕಂಪ್ಯೂಟರು ಊಹಿಸಿದ ಪಾದವನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದಳು. ಆ ಬೆರಳ ಬುಡದಲ್ಲಿ ಒಂದು ಉಬ್ಬು! ಹಣೆ ಚಚ್ಚಿಕೊಂಡಳು. "ಆಯಿ, ತಪ್ಪು ನಂದ್ರಿ. ನಾ ಫೋಟೋ ಹೊಡದಿದ್ದೆಲ್ಲಾ ಮುತ್ತೈದೇರ ಕಾಲು. ಕಾಲುಂಗ್ರ ಬಿಚ್ಚರಿ ಅಂದ್ರ ಯಾರ ಬಿಚ್ತಾರ್ರಿ? ಕಂಪ್ಯೂಟರ್ ಅದನ್ನೂ ಕಾಲಂತ ತಿಳಕೊಂಡೈತಿ."

ಗಂಡ ತೀರಿದಂದೇ ಕಾಲುಂಗುರ ತೆಗೆದಿಟ್ಟಿದ್ದ ಚಂದ್ರಮತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ನನ್ನವ್ವ! ಈ ವಯಸ್ಸಿನ್ಯಾಗ ನನ್ನ ಲಗ್ನಾ ಮಾಡೇತಲ್ಲ! ವರಾ ಯಾರಂತ ಕೇಳಬೇ ಅದನ್ನ!"

"ಉಂಗ್ರ ಇಲ್ಲದ ಕಾಲು ಬೇಕ್ರಿ ಆಯಿ, ಭಾಳ ಬೇಕು."

"ಅವಕ್ಕೇನ ಕಡಿಮಿ? ರವಿವಾರ ಬಾ."

ಕೂತಲ್ಲಿಂದಲೇ ಫೋನು ಮಾಡಿ ಊರ ವಿಧವೆಯರನ್ನೆಲ್ಲ ಕರೆಸಿದಳು. ಕಟ್ಟೆಯ ತುಂಬ ಹೆಂಗಸರು, ಚಹಾ, ಚುರುಮುರಿ. ಅವರಲ್ಲೊಬ್ಬಳು, ಮಂಗಲ, ಕಾಲು ಚಾಚುತ್ತ, "ಉಡಿ ತುಂಬಾಕ ನಮ್ಮನ್ನ ಯಾರೂ ಕರಿಯೂದಿಲ್ಲ. ಮಶೀನಿಗೆ ನಾವ ಬೇಕಾಗೇವಿ ನೋಡ್ರೇ" ಎಂದಳು.

"ಮೊದಲ ಕಾಲ ತೊಳಕೊಂಡ ಬಾ. ಮಣ್ಣನ್ನೂ ಕಾಲಂತ ತಿಳದೀತು" ಎಂದು ಚಂದ್ರಮತಿ ಗದರಿದಳು.

ಆ ಪಾದಗಳನ್ನೂ ಸೇರಿಸಿ ದೀಪಾಲಿ ಕಂಪ್ಯೂಟರಿಗೆ ಮತ್ತೆ ಕಲಿಸಿದಳು. ಹೊಸ ಚಪ್ಪಲಿ ಹಾಕಿಸಿ ಅಂಗಳದಲ್ಲಿ ಸುತ್ತು ಹೊಡೆಸಿ, ಬೆರಳ ಸಂದಿಯನ್ನೆಲ್ಲ ಬಿಡಿಸಿ ನೋಡಿದರೆ ಎಲ್ಲೂ ಕೆಂಪಿಲ್ಲ. ಡಾಕ್ಟರೂ ಹೂಂ ಅಂದರು.

ಮರುದಿನ ಹಾಲು ಅಳೆದು ಮುಗಿದು ಎಷ್ಟೋ ಹೊತ್ತಾದರೂ ಚಂದ್ರಮತಿ ಡೇರಿಯ ಬಾಗಿಲಲ್ಲಿ ಮಾತಾಡುತ್ತಲೇ ಇದ್ದಳು. ಡೇರಿಯ ಮಾಳಸಿದ್ದ ಕೀಲಿ ಹಾಕುತ್ತ, "ಆಯಿ, ಇನ್ನ ಮನೀಗಿ ನಡೀರಿ" ಎಂದ.

"ನಡಿಯಾಕ ಬರ್ತೈತಿ ಅಂದಮ್ಯಾಗ ಅವಸರ ಏನಪಾ?" ಎಂದು ಅವಳು ಡೇರಿಯ ಕಟ್ಟೆಯ ಮೇಲೆ ಕೂತಳು.