ಹೇಳಬಾರದ ಹೆಸರು

ತಂಬಿಟ್ಟಿನ ಹಿಟ್ಟು ನಾದುತ್ತಿದ್ದೆ. ಅಕ್ಕಿಹಿಟ್ಟಿಗೆ ಬೆಲ್ಲದ ಪಾಕ ಬೆರೆಸಿ, ದೀಪದ ಆಕಾರಕ್ಕೆ ತಟ್ಟಿ, ನಡುವೆ ತುಪ್ಪದ ಬತ್ತಿಗೆ ಗುಳಿ ಮಾಡಬೇಕು. ಬೇತಮಂಗಲದ ಕಡೆ ಇರುವ ನಮ್ಮೂರಿನ ಕೆರೆ ಎಷ್ಟೋ ವರ್ಷಗಳ ಮೇಲೆ ತುಂಬಿ ಕೋಡಿ ಹರಿದಿತ್ತು. ಕೋಡಿ ಹೋದ ಕೆರೆಗೆ ತಂಬಿಟ್ಟಿನ ಆರತಿ ಬೆಳಗುವುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ಊರಿನ ಹೆಂಗಸರು ಏರಿಯ ಮೇಲಿನ ಗಂಗಮ್ಮನ ಗುಡಿಯಲ್ಲಿ ಸೇರಿದ್ದೆವು. ಮಕ್ಕಳು ಶಾಲೆಯಲ್ಲಿದ್ದರು. ನಮ್ಮ ಮನೆಯವರು ದಿನದಂತೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದರು. ಅತ್ತೆ ಮನೆಯಲ್ಲಿ ಮಲಗಿದ್ದರು.

ಕೋಡಿಯ ನೀರು ಹಿಂದೆ ಯಾವ ದಾರಿಯಲ್ಲಿ ಹರಿಯುತ್ತಿತ್ತು ಎಂಬುದು ನಮಗೆ ಯಾರಿಗೂ ನೆನಪಿರಲಿಲ್ಲ. ಆ ಕಾಲುವೆ ಒಣಗಿ, ಮುಚ್ಚಿಹೋಗಿ, ಅದರ ಮೇಲೆಯೇ ಕೆಳಗಿನ ಬೀದಿ ಎದ್ದಿತ್ತು. ನಮ್ಮ ಮನೆ ಇದ್ದದ್ದು ಆ ಬೀದಿಯಲ್ಲಿ. ಗಂಗೆಗೆ ಆರತಿ ಎತ್ತಲು ನಾವು ಮೇಲಕ್ಕೆ ಹೋಗಿದ್ದೆವು, ಆಕೆ ಕೆಳಗೆ ನಮ್ಮ ಮನೆಗೇ ಬಂದುಬಿಟ್ಟಿದ್ದಳು.

ಪಕ್ಕದ ಮನೆಯವಳು ಸೊಂಟದವರೆಗೆ ನೆನೆದುಕೊಂಡು ಏರಿ ಹತ್ತಿ ಬಂದಳು.

"ಅಕ್ಕಾ, ಬಾರಕ್ಕಾ! ನಿಮ್ಮನೆ ಇಂದ್ಗಡೆ ಗೋಡೆ ಬಿದ್ದೋಯ್ತು!"

"ಅತ್ತಮ್ಮ?"

"ಅವ್ರನ್ನ ಮೊದ್ಲೇ ಟ್ರಾಕ್ಟರ್ ಅತ್ತಿಸ್ಬುಟ್ಟೆ. ಬರಾಕಿಲ್ಲ ಅಂತ ನನ್ ಜುಟ್ಟು ಇಡ್ಕೊಂಡ್ರು ಕಣಕ್ಕಾ. ಉರಿಗಾಂ ಇಸ್ಕೂಲ್ ತಾವ ಇಳಿಸ್ತಾರಂತೆ."

ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಅಂಟು ಕೈಯಲ್ಲೇ ಓಡಿದೆ. ಮನೆಯ ಬಾಗಿಲು ನಿಂತಿತ್ತು, ಹಿಂದಿನ ಗೋಡೆ ಇರಲಿಲ್ಲ. ದೇವರ ಗೂಡಿನ ಕೆಳಗೆ ತಗಡಿನ ಪೆಟ್ಟಿಗೆಯೊಂದಿತ್ತು. ಆಧಾರ್, ರೇಷನ್ ಕಾರ್ಡು, ಮಕ್ಕಳ ಜನನ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲವನ್ನೂ ದೇವರ ಕಾವಲಿನಲ್ಲಿ ಇರಲಿ ಎಂದು ಅದರಲ್ಲೇ ಇಡುತ್ತಿದ್ದೆ. ಪೆಟ್ಟಿಗೆ ಗೋಡೆಯ ಜೊತೆಗೇ ಹೋಗಿತ್ತು. ಚಾರ್ಜಿಗೆ ಹಾಕಿದ್ದ ಫೋನೂ ಹೋಗಿತ್ತು. ಆಗ ಅದಕ್ಕೆಲ್ಲ ಅಳು ಬರಲಿಲ್ಲ. ಅತ್ತೆಗೆ ಎರಡು ವರ್ಷಗಳಿಂದ ಮರೆವು. ಕತ್ತಲಾದರೆ ಸಾಕು, 'ನಮ್ಮೂರಿಗೆ ಓಗ್ಬೇಕು' ಎಂದು ಎದ್ದು ನಡೆದುಬಿಡುತ್ತಾರೆ. ನಾನು ಕಲಸಿ ಕೊಟ್ಟ ತುತ್ತು ಬಿಟ್ಟರೆ ಬೇರೆಯವರ ಕೈಯಿಂದ ತಿನ್ನುವುದಿಲ್ಲ. ಕತ್ತಲಾಗುವ ಮೊದಲು ಅವರ ಹತ್ತಿರ ಸೇರಿಕೊಳ್ಳಬೇಕು ಎಂಬುದೊಂದೇ ತಲೆಯಲ್ಲಿತ್ತು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಗುಡಿಗೆ ಕರೆತಂದು ನೋಡಿಕೋ ಎಂದು ಪಕ್ಕದ ಮನೆಯವಳಿಗೆ ಒಪ್ಪಿಸಿ ಬಸ್ಸಿಗೆ ನಿಂತೆ.

ಹೆಂಗಸರಿಗೆ ಬಸ್ಸು ಫ್ರೀ ಎಂದರೂ ಆಧಾರ್ ತೋರಿಸಬೇಕು. ಕಂಡಕ್ಟರ್ ನನ್ನ ಕೆಸರು ಸೀರೆಯನ್ನೂ ಹಿಟ್ಟು ಮೆತ್ತಿದ ಕೈಯನ್ನೂ ನೋಡಿ, ಏನೂ ಕೇಳದೆ ಟಿಕೆಟ್ ಹರಿದುಕೊಟ್ಟ. ಅವನ ಹೊಟ್ಟೆ ತಣ್ಣಗಿರಲಿ. ಹಳಿಯ ಮೇಲೆ ನೀರು ನಿಂತು ರೈಲುಗಳೆಲ್ಲ ನಿಂತಿವೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಅಂದರೆ ನಮ್ಮ ಮನೆಯವರು ಬರುವುದಿಲ್ಲ. ಪಕ್ಕದವರ ಫೋನು ಇಸಿದುಕೊಂಡೆ. ಆದರೆ ಒತ್ತಲು ನಂಬರು ಬಾಯಿಗೆ ಬರಬೇಕಲ್ಲ. ನನ್ನ ಫೋನಿನಲ್ಲಿ 'ಮನೆಯವರು' ಎಂದು ಹಾಕಿಕೊಂಡಿದ್ದೆ, ಅದನ್ನು ಒತ್ತಿದರೆ ಹೋಗುತ್ತಿತ್ತು. ಸುಮ್ಮನೆ ಫೋನು ವಾಪಸು ಕೊಟ್ಟೆ.

ಸುತ್ತಲ ಊರುಗಳಲ್ಲಿ ನೀರಿಗೆ ಸಿಕ್ಕವರನ್ನು ಹಿಂದಿನ ದಿನದಿಂದಲೂ ಚಿನ್ನದ ಗಣಿಯ ಕಡೆಯ ಉರಿಗಾಂನ ಹಳೆಯ ಶಾಲೆಗೆ ತಂದು ಇಳಿಸುತ್ತಿದ್ದರಂತೆ. ಅದರ ಜಗಲಿಯ ಮೇಲೆ ಮೇಜು ಹಾಕಿಕೊಂಡು ಒಬ್ಬ ಅಧಿಕಾರಿ ಕೂತಿದ್ದರು. ಚಿಕ್ಕ ವಯಸ್ಸು, ನಿದ್ದೆಯಿಲ್ಲದೆ ಕೆಂಪಾದ ಕಣ್ಣು. ಕಿಟಕಿಯಲ್ಲಿ ನೋಡಿದೆ. ಒಳಗೆ ಚಾಪೆಯ ಮೇಲೆ ಅತ್ತೆ ಕೂತಿದ್ದರು. ತಲೆ ಮೇಲೆ ಸೆರಗಿತ್ತು, ಮೈಗೆ ಒಣ ಕಂಬಳಿ ಹೊದಿಸಿದ್ದರು. ಅಷ್ಟು ಕಂಡದ್ದಕ್ಕೇ ಅಲ್ಲೇ ಗಂಗಮ್ಮನಿಗೆ ಕೈ ಮುಗಿದೆ.

"ಅವರು ನಮ್ಮತ್ತೆ ಸಾರ್, ಕರ್ಕೊಂಡೋಗ್ತೀನಿ."

"ಆಧಾರ್ ಕೊಡಿ, ನಿಮ್ದೂ ಅವರ್ದೂ."

"ನೀರಲ್ಲಿ ಓಯ್ತು ಸಾರ್."

"ರೇಷನ್ ಕಾರ್ಡು?"

"ಎಲ್ಲಾ ಒಂದೇ ಪೆಟ್ಗೇಲಿ ಇಟ್ಟಿದ್ದೆ."

"ನಂಬರ್ ಆದ್ರೂ ಹೇಳಿ, ನೆಟ್‌ವರ್ಕ್ ಬಂದ್ರೆ ತೆಗೆದು ನೋಡ್ತೀನಿ."

ವಾರದ ಏಳು ದಿನಕ್ಕೂ ಒಂದೊಂದು ದೇವರ ಹಾಡು ಬಾಯಿಗೆ ಬರುತ್ತದೆ, ಆ ನಂಬರು ಮಾತ್ರ ಬರಲಿಲ್ಲ. ಅವರು ಪೆನ್ನು ಕೆಳಗಿಟ್ಟರು.

"ನೋಡಿ ಅಮ್ಮ, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ಒಬ್ಬ ಬಂದು 'ನಮ್ಮವ್ವ' ಅಂತ ಇನ್ನೊಬ್ಬ ಅಜ್ಜಿ ಕಾಲು ಹಿಡ್ಕೊಂಡು ಅತ್ತ. ನಾವೂ ನಂಬಿಬಿಟ್ವಿ. ಆಮೇಲೆ ನೋಡಿದ್ರೆ ಅವನಿಗೆ ಬೇಕಾಗಿದ್ದು ಆಕೆ ಕಿವಿ ಓಲೆ. ನಿಮ್ಮತ್ತೆ ಅಂತೀರಲ್ಲ, ಅವರ ಕಿವೀಲೂ ಓಲೆ ಇದೆ, ಮೂಗುತಿ ಇದೆ. ಯಾರ ಕೈಗೆ ಅಂತ ಕೊಡ್ಲಿ ನಾನು?"

ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಕೊಡುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಭಯವಾಯಿತು. ಅದೇ ಟ್ರಾಕ್ಟರಿನಲ್ಲಿ ಬಂದಿದ್ದ ನಮ್ಮ ಬೀದಿಯ ಮುದುಕಿಯೊಬ್ಬಳು ಮೂಲೆಯಿಂದ ಎದ್ದು ಬಂದಳು.

"ಇವ್ಳು ನಮ್ ಬೀದಿ ಸೊಸೆ ಕಣಪ್ಪಾ. ನಾನ್ ಸಾಕ್ಷಿ ಯೋಳ್ತೀನಿ, ಬರ್ಕೋ."

"ಸರಿ ಅಜ್ಜಿ, ನಿಮ್ಮ ಆಧಾರ್ ಕೊಡಿ."

"ನಂದೂ ನೀರ್ಗೋಯ್ತು."

"ನೀವು ಯಾರು ಅಂತ ಹೇಳೋಕೆ ಯಾರಿದ್ದಾರೆ?"

ಮುದುಕಿ ನನ್ನ ಕಡೆ ಬೆರಳು ತೋರಿಸಿದಳು. "ಇವ್ಳವ್ಳೆ."

ಹಿಂದೆ ನಿಂತಿದ್ದವರೆಲ್ಲ ನಕ್ಕರು. ಅಧಿಕಾರಿಯ ತುಟಿಯಲ್ಲೂ ನಗು ಬಂದು ಹೋಯಿತು. ನನಗೆ ನಗಲಾಗಲಿಲ್ಲ. ಗುರುತು ಸಿಗದ ವಯಸ್ಸಾದವರನ್ನು ಸಂಜೆಯ ವ್ಯಾನಿನಲ್ಲಿ ಕೋಲಾರದ ಆಶ್ರಮಕ್ಕೆ ಕಳಿಸುತ್ತಾರಂತೆ. ಕಾಗದ ಮಾಡಿಸಿಕೊಂಡು ಅಲ್ಲಿಗೆ ಬನ್ನಿ ಎಂದರು. ಕಾಗದ ಮಾಡಿಸಲು ಹಳೆಯ ಕಾಗದ ಕೇಳುತ್ತಾರೆ. ಅದು ಎಷ್ಟು ದಿನದ ಮಾತು? ಅಷ್ಟು ದಿನ ಅವರು ಏನು ತಿಂದಾರು? ಕತ್ತಲಲ್ಲಿ ಎದ್ದು ಯಾವ ರಸ್ತೆ ಹಿಡಿದಾರು?

"ಒಂದ್ಸಲ ಅವ್ರನ್ನೇ ಕೇಳಿ ಸಾರ್," ಎಂದೆ.

ಒಳಗೆ ಕರೆದುಕೊಂಡು ಹೋದರು. ಅಲ್ಲಿದ್ದ ಆಯಾ ತಮಿಳಿನವಳು, ಅಜ್ಜಿಯನ್ನು 'ಪಾಟಿ' ಎನ್ನುತ್ತಿದ್ದಳು. "ಪಾಟಿ ಒಂದು ತುತ್ತೂ ತಿನ್ನಲಿಲ್ಲಮ್ಮ, ಬಾಯಿ ಹತ್ರ ತಂದ್ರೆ ಕೈಗೆ ಹೊಡೀತಾರೆ," ಎಂದಳು. ಅಧಿಕಾರಿ ಬಗ್ಗಿ ಕೇಳಿದರು, "ಅಜ್ಜಿ, ಇವರು ಯಾರು ಗೊತ್ತಾ?"

ಅತ್ತೆ ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. "ಯಾರೋ ತಾಯಿ," ಎಂದರು. "ನಾ ಕಾಣೆ ಕಣಪ್ಪಾ."

ಬೆಳಿಗ್ಗೆ ಅವರ ತಲೆ ಬಾಚಿದ್ದು ಇದೇ ಕೈ.

"ನಿಮ್ಮ ತೌರು ಯಾವೂರು?" ಎಂದು ಅಧಿಕಾರಿ ನನ್ನನ್ನು ಕೇಳಿದರು.

"ಬಂಗಾರಪೇಟೆ ಸಾರ್."

"ಇವರ ಗಂಡನ ಹೆಸರು? ಎಷ್ಟು ಕೇಳಿದ್ರೂ ಅಜ್ಜಿ ಬಾಯೇ ಬಿಡ್ತಿಲ್ಲ. ನೀವು ಹೇಳಿ, ಅಜ್ಜಿ ಹೌದು ಅಂದ್ರೆ ನೋಡೋಣ."

ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಸೊಸೆ ಮಾವನ ಹೆಸರು ಹೇಳುವುದಿಲ್ಲ. ಮಾವ ತೀರಿಕೊಂಡ ಮೇಲೂ ಅದು ಹಾಗೇ ನಡೆದಿದೆ. ದೊಡ್ಡ ಮಗನಿಗೆ ಅವರ ಹೆಸರನ್ನೇ ಇಟ್ಟಿದ್ದೇವೆ, ಆದ್ದರಿಂದ ಹೆತ್ತ ನಾನೇ ಅವನನ್ನು ಇಂದಿಗೂ 'ಅಪ್ಪಯ್ಯ' ಎಂದೇ ಕರೆಯುತ್ತೇನೆ. ಅದೂ ಈಗ ಅತ್ತೆಯ ಎದುರಿಗೆ ಹೇಳುವುದೆಂದರೆ ನಾಲಿಗೆ ಏಳಲಿಲ್ಲ.

"ಗೊತ್ತಿಲ್ವಾ?" ಅವರ ದನಿ ಬದಲಾಯಿತು.

"ಗೊತ್ತು ಸಾರ್. ಯೋಳಂಗಿಲ್ಲ."

"ಹೇಳಂಗಿಲ್ಲ ಅಂದ್ರೆ?"

"ಅಯ್ಯೋ, ನಾನು ನನ್ ಗಂಡನ ಹೆಸರು ಕೂಗಿ ಕೂಗಿ ದಿನಾ ಬೈತೀನಮ್ಮ, ಗುಂಡುಕಲ್ಲು ಥರಾ ಇದಾನೆ," ಎಂದಳು ಆಯಾ. ಅಧಿಕಾರಿ ನಗಲಿಲ್ಲ. ಗಂಡನ ಅಮ್ಮ ಎನ್ನುತ್ತಾಳೆ, ಮಾವನ ಹೆಸರು ಕೇಳಿದರೆ ತಡವರಿಸುತ್ತಾಳೆ. ಅವರ ಕಣ್ಣಿನಲ್ಲಿ ನಾನೂ ಬೆಳಗಿನ ಆ ಓಲೆ ಕಳ್ಳನ ಸಾಲಿಗೆ ಸೇರಿಹೋದೆ. ಹೊರಗೆ ವ್ಯಾನಿನ ಹಾರನ್ ಕೇಳಿಸಿತು. "ಕರ್ಕೊಂಡು ಹೋಗಿ," ಎಂದು ಆಯಾಗೆ ಹೇಳಿ ತಿರುಗಿದರು.

ಆಯಾ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. "ಎಲ್ಲಿಗವ್ವಾ? ನಮ್ಮೂರ್ಗಾ?" ಎಂದು ಕೇಳುತ್ತಾ ಅತ್ತೆ ಮಗುವಿನ ಹಾಗೆ ಹೊರಟರು. ಬಾಗಿಲು ದಾಟಿದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು.

ತಪ್ಪಾಯಿತು ಮಾವಯ್ಯ, ಎಂದು ಮನಸ್ಸಿನಲ್ಲಿ ಅಂದುಕೊಂಡು, ಆ ಹೆಸರನ್ನು ಶಾಲೆಯೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಮನೆತನದ ಹೆಸರು ಸೇರಿಸಿ ಮತ್ತೊಮ್ಮೆ ಹೇಳಿದೆ.

ಅತ್ತೆ ನಿಂತರು. ಕಂಬಳಿ ಜಾರಿತು. ತಿರುಗಿ, ಆಯಾಳ ಕೈ ಕೊಡವಿ, ನನ್ನ ಕಡೆಗೇ ಬಂದರು.

"ಯಾವ್ಳೇ ಅದು! ಮಾವನ್ ಎಸ್ರಾ ಇಂಗ್ ಬೀದೀಲ್ ನಿಂತ್ಕೊಂಡ್ ಒದ್ರಾದು? ನಿಮ್ಮಪ್ಪನ್ ಮನೇಲಿ ಇದ್ನೇ ಏನೇ ಕಲ್ಸಿರಾದು? ಅವತ್ತೇ ಯೋಳ್ದೆ ನಾನು, ಬಂಗಾರಪೇಟೆ ಎಣ್ಣು ಬ್ಯಾಡ, ಬಾಯಿ ಜೋರು ಅಂತ. ಬರ್ಲಿ ನನ್ ಮಗ, ಐತೆ ನಿಂಗೆ!"

"ಅಜ್ಜಿ, ಅಜ್ಜಿ," ಅಧಿಕಾರಿ ನಡುವೆ ಬಂದರು. "ಇವರು ಯಾರು?"

"ಇನ್ಯಾರು? ನನ್ ಸೊಸೆ! ಮಾನ ಮರ್ಯಾದೆ ಬಿಟ್ಟೋಳು!"

ಹದಿನೆಂಟು ವರ್ಷದ ಸಂಸಾರದಲ್ಲಿ ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ಅದನ್ನು ನೋಡಿ ಅವರು, "ಅಳಾದ್ ಬ್ಯಾರೆ," ಎಂದು ಇನ್ನೊಂದು ಸುತ್ತು ಬೈದರು.

ಅಧಿಕಾರಿ ತಲೆ ಕೆರೆದುಕೊಂಡರು. "ಇದನ್ನ ನಾನು ಏನಂತ ಬರ್ಕೊಳ್ಲಿ?"

"ಅತ್ತೆ ಅಂತ ಬರ್ಕೊಳ್ಳಿ ಸಾರ್," ಎಂದಳು ಆಯಾ. "ಬೇರೆ ಯಾರು ಇಷ್ಟು ಬೈತಾರೆ?"

ನಮ್ಮಿಬ್ಬರನ್ನೂ ಜೊತೆಗೆ ನಿಲ್ಲಿಸಿ ಫೋಟೋ ತೆಗೆದುಕೊಂಡರು, ಹೆಬ್ಬೆಟ್ಟು ಒತ್ತಿಸಿಕೊಂಡರು, ವ್ಯಾನಿನವನಿಗೆ ಹೋಗು ಎಂದು ಕೈ ಮಾಡಿದರು. ಬಂಗಾರಪೇಟೆಯ ಕಡೆ ಹೊರಟಿದ್ದ ಹಾಲಿನ ಗಾಡಿಯೊಂದನ್ನು ಅವರೇ ನಿಲ್ಲಿಸಿ ನಮ್ಮನ್ನು ಹತ್ತಿಸಿದರು. ಆಮೇಲೆ ಕಾಗದಗಳಿಗಾಗಿ ಎಷ್ಟೋ ಕಚೇರಿಯ ಮೆಟ್ಟಿಲು ಹತ್ತಿದ್ದೇವೆ, ಕೆಲವು ಇನ್ನೂ ಕೈಗೆ ಬಂದಿಲ್ಲ. ಆದರೆ ಆ ದಿನದ ಹಾಗೆ ಜೀವ ಬಾಯಿಗೆ ಬಂದದ್ದಿಲ್ಲ.

ದಾರಿಯುದ್ದಕ್ಕೂ ಅತ್ತೆ ಬೈಯುತ್ತಲೇ ಇದ್ದರು. ಬಂಗಾರಪೇಟೆ ಹತ್ತಿರ ಬರುವಷ್ಟರಲ್ಲಿ ಯಾತಕ್ಕೆ ಬೈಯುತ್ತಿದ್ದರು ಎಂಬುದೇ ಮರೆತು ಸುಮ್ಮನಾದರು. ತೌರಿನಲ್ಲಿ, ನನ್ನ ಅಣ್ಣನ ಮನೆಯಲ್ಲಿ, ಅವರನ್ನು ಗೋಡೆಗೆ ಒರಗಿಸಿ ಕೂರಿಸಿದೆ. ಅಣ್ಣನ ಫೋನಿನಲ್ಲಿ ನಮ್ಮ ಮನೆಯವರ ನಂಬರಿತ್ತು, ಅವರ ದನಿ ಕೇಳಿದೆ. ಪಕ್ಕದ ಮನೆಯವಳ ಹತ್ತಿರ ಮಕ್ಕಳು ಉಂಡು ಮಲಗಿದ್ದರಂತೆ. ಅದೂ ದೇವರು ಕೊಟ್ಟದ್ದೇ.

ಅತ್ತೆ ನನ್ನ ಸೆರಗು ಜಗ್ಗಿದರು.

"ನೀ ಯಾರ್ ಮನೆ ಮಗ್ಳು ತಾಯಿ? ಒಟ್ಟೆ ಅಸೀತೈತೆ, ಒಂದ್ ಮುದ್ದೆ ಆಕ್ತೀಯಾ?"

"ಆಕ್ತೀನಿ ಅತ್ತಮ್ಮ," ಎಂದೆ. ಒಲೆಯ ಮೇಲೆ ನೀರಿಟ್ಟು, ಮೊರ ಎಳೆದುಕೊಂಡು ರಾಗಿಹಿಟ್ಟು ಜರಡಿ ಹಿಡಿಯಲು ಕೂತೆ.