ಅತ್ತೆಯ ತಾಳ, ನನ್ನ ಸರ್ವರ್

ತಪ್ಪು ನನ್ನದೇ. ಬೇರೆ ಯಾರ ಮೇಲಾದರೂ ಹೊರಿಸೋಣವೆಂದು ಎರಡು ದಿನ ಹುಡುಕಿದೆ, ಯಾರೂ ಸಿಗಲಿಲ್ಲ. ಅತ್ತೆಯ ಸಂಗೀತಪಾಠಕ್ಕೆಂದು ನಾನು ಬರೆದ ವಿಡಿಯೊ ಕರೆಯ ಪ್ರೋಗ್ರಾಮನ್ನು ಪರೀಕ್ಷಿಸಲು ಇನ್ನೊಬ್ಬರು ಬೇಕೆಂದು ನನಗೆ ಅನಿಸಲೇ ಇಲ್ಲ. ಲ್ಯಾಪ್‌ಟಾಪಿಗೆ ಅತ್ತೆಯ ದನಿಯಲ್ಲಿ ಗದರಿದೆ, ಫೋನಿಗೆ ಶಿಷ್ಯೆಯ ದನಿಯಲ್ಲಿ ಗೋಗರೆದೆ. ಎರಡೂ ಒಂದೇ ಮನೆಯ ವೈಫೈ. ದನಿ ಥಟ್ಟನೆ ಮುಟ್ಟಿತು. ನನ್ನ ಅಭಿನಯಕ್ಕೆ ನಾನೇ ಮರುಳಾಗಿ "ರೆಡಿ" ಎಂದುಬಿಟ್ಟೆ.

ಅತ್ತೆ, ಅಂದರೆ ಅಪ್ಪನ ಅಕ್ಕ, ಇರುವುದು ನಮ್ಮ ಜೊತೆ, ಚಾಮರಾಜಪೇಟೆಯಲ್ಲಿ. ಮಂಡಿ ಆಪರೇಷನ್ ಆಗಿ ಪಾಠ ನಿಂತಮೇಲೆ ಶಿಷ್ಯರು ಒಬ್ಬೊಬ್ಬರಾಗಿ ಕರಗಿದರು. ಉಳಿದವಳು ಊರಿನ ಆ ತುದಿಯ ಮತ್ತಿಕೆರೆಯ ಒಬ್ಬಳೇ ಹುಡುಗಿ. ಅವಳೂ ಸ್ಕೂಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಭಾನುವಾರ ಅವಳ ಸೀನಿಯರ್ ಪರೀಕ್ಷೆ; ಕಲ್ಪನಾಸ್ವರ ಇನ್ನೂ ತಾಳಕ್ಕೆ ಕೂತಿರಲಿಲ್ಲ. ಅವಳ ಬೀದಿಯ ಇನ್ನೊಬ್ಬ ಟೀಚರು ಮನೆಗೇ ಬಂದು ಹೇಳಿಕೊಡಲು ತಯಾರಿದ್ದರು.

"ಇವಳೂ ಹೋದ್ರೆ ತಂಬೂರಿಗೆ ಗವಸು ಹಾಕ್ಬಿಡೋದೇ," ಎಂದರು ಅತ್ತೆ, ಖಾಲಿ ಕಾಫಿ ಲೋಟ ನೋಡುತ್ತ. ಗದರುವ ಅತ್ತೆಯನ್ನು ನಾನು ಯಾರ ಮುಂದೆ ಬೇಕಾದರೂ ಮಾಡಿ ತೋರಿಸಬಲ್ಲೆ. ಆದರೆ ಅವತ್ತಿನ ಆ ಸೋತ ದನಿ ಮಾಡಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಮೀಟಿಂಗ್ ಆಪ್‌ನಲ್ಲಿ ಒಮ್ಮೆ ಪಾಠ ಮಾಡಿ ನೋಡಿದ್ದೆವು. ಅತ್ತೆಯ ತಾಳದ ಪೆಟ್ಟು ಇಲ್ಲಿ ಬಿದ್ದರೆ ಅವಳ ಪೆಟ್ಟು ತಡವಾಗಿ ಬರುತ್ತಿತ್ತು. ನಾನು ಎದೆ ಉಬ್ಬಿಸಿ ಹೇಳಿದೆ: "ನಂದು ಹಾಗಲ್ಲ ಅತ್ತೆ. ಸರ್ವರ್ ಮೇಲೆ ಜಾವಾಸ್ಕ್ರಿಪ್ಟ್ ಓಡ್ತಿರತ್ತೆ. ಅದು ಮದುವೆ ದಲ್ಲಾಳಿ ಥರ. ಇವರ ವಿಳಾಸ ಅವರಿಗೆ, ಅವರದು ಇವರಿಗೆ ಕೊಟ್ಟು ಪಕ್ಕಕ್ಕೆ ಸರಿಯತ್ತೆ. ಆಮೇಲೆ ನಿಮ್ಮಿಬ್ರದೇ ನೇರ ಮಾತು."

"ದಲ್ಲಾಳಿ ಸರಿದದ್ದು ನಾನೆಲ್ಲೂ ನೋಡಿಲ್ಲ," ಎಂದರು. ಆದರೂ ಹುಡುಗಿಯ ತಾಯಿಗೆ ಫೋನ್ ಮಾಡಿ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಪಾಠವೆಂದರು.

ಮೂರಕ್ಕೆ ತಂಬೂರಿ ಶ್ರುತಿಯಾಗಿತ್ತು. ಪರದೆಯ ಮೇಲೆ ಒಂದು ವೃತ್ತ ತಿರುಗುತ್ತಿತ್ತು. ಮೂರೂಕಾಲಾದರೂ ಅದೇ ವೃತ್ತ. ಹುಡುಗಿ ಇದ್ದದ್ದು ಮೊಬೈಲ್ ಡೇಟಾದಲ್ಲಿ, ನಾವು ಮನೆಯ ವೈಫೈನಲ್ಲಿ. ದಲ್ಲಾಳಿ ವಿಳಾಸ ಕೊಟ್ಟಿದ್ದ, ಆದರೆ ಆ ವಿಳಾಸಕ್ಕೆ ಬಂದ ಹೊರಗಿನವರನ್ನು ನೆಟ್‌ವರ್ಕ್ ಬಾಗಿಲಲ್ಲೇ ತಡೆಯುತ್ತಿತ್ತು. ಇಂಥ ಹೊತ್ತಿಗೆಂದೇ ನಡುವೆ, ಇಬ್ಬರ ದನಿಯನ್ನೂ ಹೊತ್ತು ದಾಟಿಸುವ ರಿಲೇ ಸರ್ವರ್ ಇಡಬೇಕು. ನಾನು ಇಟ್ಟಿರಲಿಲ್ಲ, ನನ್ನ ಜೊತೆ ನಾನೇ ಮಾತಾಡುವಾಗ ಅದು ಬೇಕೇ ಆಗಿರಲಿಲ್ಲ.

ಸರ್ವರಿನ ಪಾಸ್‌ವರ್ಡ್ ಮೂರು ಸಲ ತಪ್ಪಿತು. ಅತ್ತೆ ಬರಿದಾದ ಪರದೆಗೆ "ಮಗೂ, ಕೇಳಿಸ್ತಿದ್ಯಾ?" ಎನ್ನುತ್ತಲೇ ಇದ್ದರು. ಐದನೆಯ ಸಲಕ್ಕೆ ನನಗೆ ತಡೆಯಲಾಗಲಿಲ್ಲ. ಲ್ಯಾಪ್‌ಟಾಪಿನ ಹಿಂದೆ ಬಗ್ಗಿ, ಹುಡುಗಿಯ ದನಿಯಲ್ಲಿ "ಕೇಳಿಸ್ತಿದೆ ಮಿಸ್" ಎಂದುಬಿಟ್ಟೆ.

"ಅವಳಿಗೆ ನೆಗಡಿ ಇಲ್ಲ. ನಿನಗಿದೆ," ಎಂದರು ಅತ್ತೆ, ತಲೆ ಎತ್ತದೆ.

ನಾಲ್ಕಕ್ಕೆ ಯಾವುದೋ ದೂರದೇಶದ ಒಂದು ಪುಕ್ಕಟೆ ರಿಲೇ ಜೋಡಿಸಿದೆ. ಹುಡುಗಿಯ ಮುಖ ಬಂತು. ಅತ್ತೆ ತೊಡೆ ತಟ್ಟಿದರು. ಅವಳ ಪೆಟ್ಟು ಮೀಟಿಂಗ್ ಆಪ್‌ಗಿಂತಲೂ ತಡವಾಗಿ ಬಂತು. ಮತ್ತೆ ತಟ್ಟಿದರು. ಮತ್ತೂ ತಡ. ಆ ಕಡೆಯಿಂದ ತಾಯಿಯ ದನಿ: "ಬೇಜಾರ್ ಮಾಡ್ಕೋಬೇಡಿ ಮಿಸ್, ಎರಡೇ ದಿನ ಇರೋದು. ಇಲ್ಲೇ ನಮ್ಮ ಬೀದಿ ಟೀಚರಿಗೆ ಬರಕ್ಕೆ ಹೇಳ್ಬಿಡ್ಲಾ?"

ಅತ್ತೆಯ ಕೈ ತೊಡೆಯ ಮೇಲೇ ನಿಂತಿತು. ನಾನು ತಂಬೂರಿಯ ಕಡೆ ನೋಡಲಿಲ್ಲ.

"ಬೇಡಮ್ಮ, ನಾನೇ ಬರ್ತೀನಿ," ಎಂದು ಕರೆ ಮುಗಿಸಿ, ಊರುಗೋಲಿಗೆ ಕೈ ಚಾಚಿದರು. "ಆಟೋ ಕರಿ."

"ಅತ್ತೆ, ಅವರದು ಮೂರನೇ ಮಹಡಿ. ಲಿಫ್ಟ್ ಇಲ್ಲ. ಡಾಕ್ಟ್ರು ಒಂದು ಮೆಟ್ಲೂ ಹತ್ಬಾರ್ದು ಅಂದಿದಾರೆ. ನಿಮ್ಮನ್ನ ಕುರ್ಚೀಲಿ ಕೂರಿಸಿ ಎತ್ಕೊಂಡು ಹೋಗಕ್ಕೆ ನಾಲ್ಕು ಜನ ಬೇಕಾಗತ್ತೆ!"

ಅತ್ತೆ ಸೆರಗು ಸರಿಮಾಡಿಕೊಂಡರು.

"ನನ್ನ ಎತ್ತಕ್ಕೆ ಒಂದಿನ ಹೇಗೂ ನಾಲ್ಕು ಜನ ಬೇಕೇ ಬೇಕು ಕಣೋ. ಇವತ್ತೇ ಕರಿ, ಹಾಡಕ್ಕೆ ಉಸಿರಾದ್ರೂ ಇದೆ."